ಉದ್ದ ಹಿಡಿ, ಗಿಡ್ಡ ಹಿಡಿ, ಕೋಲು ಕಟ್ಟಿದ್ದು: ಮೂರು ಬಗೆಯ ಬ್ರಷ್ಷಿನಲ್ಲೂ ಚಿತ್ರ ಬಳಿದು ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಉದ್ದ ಹಿಡಿಯ 8ನೇ ನಂಬರಿನ ಫಿಲ್ಬರ್ಟ್ ಬ್ರಷ್ಷಿಗೆ, ಅಂದರೆ ಕೂದಲು ಚಪ್ಪಟೆಯಾಗಿದ್ದು ತುದಿ ದುಂಡಗಿರುವುದಕ್ಕೆ. ಅದೊಂದನ್ನೇ ಕೊಳ್ಳುವ ಬದಲು 6 ಬ್ರಷ್ಷಿನ ಸೆಟ್ ಕೊಂಡು ಕೈ ಸುಟ್ಟುಕೊಂಡೆ. ಅದರಲ್ಲಿ ನಾಲ್ಕರ ಕೂದಲು ಇನ್ನೂ ಬಣ್ಣ ಕಂಡಿಲ್ಲ.

ಗಿಡ್ಡ ಹಿಡಿಯದನ್ನು ನಾವು ಪೆನ್ನಿನ ಹಾಗೆ ಹಿಡಿಯುತ್ತೇವೆ, ಪೆನ್ನಿನ ಹಾಗೇ ಬರೆಯುತ್ತೇವೆ. ಬೆರಳು, ಮಣಿಕಟ್ಟು ಬಿಟ್ಟರೆ ಬೇರೇನೂ ಆಡುವುದಿಲ್ಲ. ನನ್ನ ಮರಗಳಲ್ಲಿ ಎಲೆ ಎಣಿಸಬಹುದಿತ್ತು, ಅದೇ ನನಗೆ ಬೇಸರ.

ಉದ್ದ ಹಿಡಿ ಸುಮಾರು 30 ಸೆಂ.ಮೀ. ಇರುತ್ತದೆ. ಹಿಂದಿನ ತುದಿ ಹಿಡಿದರೆ ಮೊಣಕೈ, ಭುಜ ಎರಡೂ ಕೆಲಸಕ್ಕೆ ಇಳಿಯುತ್ತವೆ. ಎಲೆ ಬಿಡಿಸೋಣವೆಂದರೂ ಆಗುವುದಿಲ್ಲ; ಹಸಿರಿನ ಒಂದು ಮುದ್ದೆ ಬೀಳುತ್ತದೆ, ದೂರ ನಿಂತು ನೋಡಿದರೆ ಅದೇ ಕೊಂಬೆ.

ಇಷ್ಟು ಗೊತ್ತಾಗುವುದಕ್ಕೆ ನನಗೆ ಮೂರು ವಾರ ಹಿಡಿಯಿತು. ಕಾರಣ ಮೇಜು. ನಾನು ಕಾಗದವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ ಕೂತು ಬಳಿಯುವವನು. ಹಿಡಿಯ ತುದಿ ಒಮ್ಮೆ ಕನ್ನಡಕಕ್ಕೆ ತಾಗುತ್ತದೆ, ಒಮ್ಮೆ ದೀಪಕ್ಕೆ. ತಪ್ಪಿಸಿಕೊಳ್ಳಲು ಕೈ ತಾನಾಗಿಯೇ ಜಾರಿ ಜಾರಿ ಕೂದಲಿನ ಬುಡದ ತಗಡಿಗೆ ಬಂದು ಕೂರುತ್ತದೆ. ಅಲ್ಲಿಗೆ ಅದೂ ಒಂದು ಪೆನ್ನೇ, ಬಾಲ ಇರುವ ಪೆನ್ನು. ಸಾಲದ್ದಕ್ಕೆ ಒಂದು ರಾತ್ರಿ ನೀರಿನ ಗಿಡ್ಡ ಲೋಟಕ್ಕೆ ಮೂರು ಬ್ರಷ್ ಇಳಿಬಿಟ್ಟೆ. ಹಿಡಿಗಳ ಭಾರಕ್ಕೆ ಲೋಟ ಮಗುಚಿ ಕೊಳೆ ನೀರೆಲ್ಲ ಹಸಿ ಆಕಾಶದ ಮೇಲೆ. ಬೈದಿದ್ದು ಬ್ರಷ್ಷಿಗೆ, ತಪ್ಪು ನನ್ನದು.

ಕೊನೆಗೆ ಹಲಗೆಯನ್ನು ಗೋಡೆಗೆ ಒರಗಿಸಿ ಎದ್ದು ನಿಂತೆ. ಹಿಡಿಯ ನಡುವಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿದೆ. ಕೈ ಮುಂದಕ್ಕೆ ಜಾರಿದರೆ ಬೆರಳಿಗೆ ಅದರ ಗಂಟು ಸಿಗುತ್ತದೆ, ಹಿಂದಕ್ಕೆ ಹೋಗುತ್ತೇನೆ. ಚಿತ್ರ ನಿಲ್ಲಿಸುವ ಈಸೆಲ್ ಕೊಳ್ಳುವ ದುಡ್ಡು ಉಳಿಯಿತು.

ಮೂರನೆಯದು ಪುಕ್ಕಟೆ ಉಪಾಯ: ಹಳೆಯ ಗಿಡ್ಡ ಬ್ರಷ್ಷಿಗೆ ಬಿದಿರಿನ ಕೋಲು ಕಟ್ಟುವುದು. ಫ್ರೆಂಚ್ ಚಿತ್ರಕಾರ ಮತೀಸ್ ಕೂಡ ಉದ್ದನೆಯ ಬಿದಿರಿನ ತುದಿಗೆ ಇದ್ದಿಲು ಕಟ್ಟಿ ಬರೆಯುತ್ತಿದ್ದ. ಇದ್ದಿಲಿಗೆ, ತೆಳು ಬಣ್ಣದ ಮೊದಲ ಹೊದಿಕೆಗೆ ನನಗೂ ಸೊಗಸಾಗಿ ಬಂತು. ದಪ್ಪ ಬಣ್ಣ ಒತ್ತಿದರೆ ಮಾತ್ರ ಕಟ್ಟು ಸಡಿಲವಾಗಿ ಬ್ರಷ್ ತಲೆ ತಿರುಗಿಸುತ್ತದೆ.

ಕೂದಲಿನ ಮಾತು: ದಪ್ಪ ಬಣ್ಣಕ್ಕೆ ಹಂದಿಕೂದಲು, ತೆಳುವಿಗೆ ಸಿಂಥೆಟಿಕ್. ಅಕ್ರಿಲಿಕ್ ಬಣ್ಣವನ್ನು ಕೂದಲಲ್ಲೇ ಒಣಗಲು ಬಿಟ್ಟರೆ ಎರಡೂ ಕಸ.

ಕೂತೇ ಬಳಿಯುತ್ತೇನೆ ಅನ್ನುವವರು ಉದ್ದದ್ದಕ್ಕೆ ದುಡ್ಡು ಹಾಕಬೇಡಿ. ಕೋಲು ಕಟ್ಟಿ ಒಂದು ದಿನ ನಿಂತು ನೋಡಿ. ನಿಲ್ಲುವವರಿಗೆ ಒಂದೇ ಫಿಲ್ಬರ್ಟ್ ಸಾಕು, ಸೆಟ್ ಬೇಡ. ಮುಖ ಬರೆಯುವಾಗ ಕಣ್ಣಿಗೆ ನಾನು ಈಗಲೂ ಗಿಡ್ಡದ್ದನ್ನೇ ತೆಗೆಯುತ್ತೇನೆ, ನಾಚಿಕೆಯೇನಿಲ್ಲ. ಸೆಟ್ಟಿನಲ್ಲಿ ಉಳಿದ ನಾಲ್ಕರ ಪೈಕಿ ಒಂದನ್ನು ತಲೆಕೆಳಗು ಮಾಡಿ ಬಣ್ಣ ಕಲಕುತ್ತಿದ್ದೇನೆ. ಕೂದಲು ಇನ್ನೂ ಹೊಸದೇ.