ಆಟಿಸಂ ಥೆರಪಿ: ಹಿಡಿದು ಕೂರಿಸುವುದಾ, ಜೊತೆಗೆ ಆಡುವುದಾ, 'ಸಾಕು' ಕಲಿಸುವುದಾ?

ನನ್ನ ಮಗನಿಗೆ ಐದು ವರ್ಷ, ಆಟಿಸಂ ಇದೆ. ಮಾತು ಇನ್ನೂ ಒಂದೆರಡು ಪದ. ತುಮಕೂರಿನಲ್ಲಿ ಮೂರು ತರಹದ ಥೆರಪಿ ಮಾಡಿಸಿ ನೋಡಿದ್ದೇವೆ.

ಮೊದಲನೆಯದು ಟೇಬಲ್ ಥೆರಪಿ. ಎದುರು ಕೂರಿಸಿ 'ಕೆಂಪು ಕೊಡು' ಅನ್ನುತ್ತಾರೆ. ಕೊಟ್ಟರೆ ಚಾಕೊಲೇಟ್. ಕೊಡದಿದ್ದರೆ ಕೈ ಹಿಡಿದು ಕೊಡಿಸುತ್ತಾರೆ. ಅತ್ತರೂ ಏಳಲು ಬಿಡಲ್ಲ. ಬಿಟ್ಟರೆ, ಅತ್ತು ತಪ್ಪಿಸಿಕೊಳ್ಳಬಹುದು ಅಂತ ಕಲಿಯುತ್ತಾನಂತೆ. ಇದರ ಬೇರು ಅಮೆರಿಕದ ಮನೋವಿಜ್ಞಾನಿ ಐವರ್ ಲೋವಾಸ್ ಅವರ ಎಬಿಎ (ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್, ಅಂದರೆ ನಡವಳಿಕೆಯನ್ನು ಹೆಜ್ಜೆಹೆಜ್ಜೆಯಾಗಿ ಕಲಿಸುವ) ಪದ್ಧತಿಯಲ್ಲಿದೆ. ವಾರಕ್ಕೆ 40 ಗಂಟೆ ಕಲಿಸಿದ 19 ಮಕ್ಕಳಲ್ಲಿ 9 ಮಂದಿ ಮಾಮೂಲಿ ಒಂದನೇ ತರಗತಿ ದಾಟಿದರು ಅಂತ 1987ರಲ್ಲಿ ಅವರು ಬರೆದರು. ಈ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಆ ಮಕ್ಕಳನ್ನು ಗದರುತ್ತಿದ್ದರು, ಆಗಾಗ ತೊಡೆಗೆ ಏಟೂ ಬೀಳುತ್ತಿತ್ತು ಅನ್ನೋದನ್ನು ಮಾತ್ರ ಯಾರೂ ಹೇಳಲ್ಲ. ನಮ್ಮವನಿಗೆ ಯಾರೂ ಹೊಡೆಯಲಿಲ್ಲ. ಬಣ್ಣಗಳನ್ನು ಬೇಗನೇ ಕಲಿತ, ಆದರೆ ಆ ಕುರ್ಚಿಯಲ್ಲಿ ಕೂತಾಗ ಮಾತ್ರ. ಮನೆಯಲ್ಲಿ ಯಾರು ಕೈ ಹಿಡಿದರೂ ಕಿರುಚಲು ಶುರು ಮಾಡಿದ. ನನಗೆ ಇನ್ನೊಂದು ಭಯ. ಮಾತು ಬಾರದ ಮಗುವಿಗೆ, ದೊಡ್ಡವರು ಮುಟ್ಟಿದರೆ ಸುಮ್ನಿರು ಅಂತ ಕಲಿಸಿಬಿಟ್ಟರೆ ನಾಳೆ ಅವನನ್ನು ಕಾಯೋರು ಯಾರು?

ಎರಡನೆಯದು ಅಮೆರಿಕದ ಮಕ್ಕಳ ಮನೋವೈದ್ಯ ಸ್ಟ್ಯಾನ್ಲಿ ಗ್ರೀನ್‌ಸ್ಪ್ಯಾನ್ ಅವರ ಫ್ಲೋರ್‌ಟೈಮ್. ನೆಲದ ಮೇಲೆ ಕೂತು, ಅವನು ಬಾಟಲಿ ಮುಚ್ಚಳ ತಿರುಗಿಸಿದರೆ ನಾವೂ ತಿರುಗಿಸೋದು. ಖರ್ಚಿಲ್ಲ, ನಗು ಜಾಸ್ತಿ. ಆದರೆ ಬಲು ನಿಧಾನ. ಉಗುರು ಕತ್ತರಿಸೋ ದಿನ ಆಟ ಉಪಯೋಗಕ್ಕೆ ಬರಲ್ಲ.

ಉಗುರಿನ ವಿಷಯದಲ್ಲಿ ಗೆದ್ದಿದ್ದು ಮೂರನೆಯದು, 'ಸಾಕು' ಅಂತ ಹೇಳಲು ಕಲಿಸುವುದು. ಮಗುವಿನ ರಂಪಾಟವೂ ಒಂದು ಮಾತೇ, ಅದೇ ಮಾತು ಹೇಳಲು ಸುಲಭದ ದಾರಿ ಕಲಿಸಿ ಅಂತ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡುರಾಂಡ್ ಅನ್ನೋ ಮನೋವಿಜ್ಞಾನಿಗಳು 1985ರಲ್ಲೇ ತೋರಿಸಿದ್ದರು. ತಮಾಷೆ ಅಂದರೆ ಇದೂ ಎಬಿಎ ಮನೆಯದ್ದೇ. ಅಂಗೈ ಅಡ್ಡ ಹಿಡಿದ ಚಿತ್ರದ ಒಂದು 'ಸಾಕು' ಕಾರ್ಡ್ ಮಾಡಿ ನೇಲ್ ಕಟರ್ ಡಬ್ಬಿಗೆ ಅಂಟಿಸಿದೆವು. ಮೊದಲು ಡಬ್ಬಿ ನೋಡಿದ ಕೂಡಲೇ ಕಾರ್ಡ್ ಕಿತ್ತು ಕೊಟ್ಟ. ಕಟರ್ ಒಳಗಿಟ್ಟೆ. ನಮ್ಮತ್ತೆಗೆ ತಡೆಯಲಿಲ್ಲ. "ಹಿಂಗೆ ಬಿಟ್ರೆ ತಲೆ ಮೇಲೆ ಹತ್ತಿ ಕೂರ್ತಾನೆ ನೋಡಮ್ಮ" ಅಂದರು. ಕಾರ್ಡ್ ಕೊಟ್ಟರೆ ನಿಜವಾಗಿಯೂ ನಿಲ್ಲಿಸ್ತಾರೆ ಅಂತ ನಂಬಿಕೆ ಬಂದಮೇಲೆ ಹೆಬ್ಬೆರಳು ಚಾಚಿದ. ಆಮೇಲೆ "ಇನ್ನೊಂದೇ ಬೆರಳು, ಆಮೇಲೆ ಸಾಕು" ಅಂತ ಸ್ವಲ್ಪ ಸ್ವಲ್ಪವೇ ಎಳೆದೆವು. ಈಗ ಒಂದು ಕೈ ಮುಗಿಯುತ್ತೆ. ಇನ್ನೊಂದು ಕೈ ಮಾರನೇ ದಿನ. ಏನೂ ಮುಳುಗಿಹೋಗಲಿಲ್ಲ ಅಲ್ವಾ?

ಬಿ.ಎಚ್. ರಸ್ತೆ ದಾಟುವಾಗ ಮಾತ್ರ ಕಾರ್ಡ್ ನಡೆಯಲ್ಲ, ಎಷ್ಟು ಕಿರುಚಿದರೂ ಕೈ ಬಿಡಲ್ಲ. ಜ್ವರದ ಔಷಧಿಗೂ ಅದೇ.

ಹಾಗಾಗಿ ನಮ್ಮ ಮನೆಯಲ್ಲಿ ಎರಡನೆಯದೂ ಮೂರನೆಯದೂ ಜೊತೆಜೊತೆಗೆ ನಡೀತಿವೆ. ಹೊಸ ಸೆಂಟರ್‌ಗೆ ಹೋದರೆ ಫೀಸಿಗೂ ಮುಂಚೆ ಕೇಳಿ: ಮಗು ಎದ್ದು ಹೋದರೆ ಏನು ಮಾಡ್ತೀರಿ? ನಾನು ಒಳಗೆ ಕೂತು ನೋಡಬಹುದಾ? ಬಾಗಿಲು ಹಾಕಿಕೊಳ್ಳೋ ಕಡೆ ನಾನಂತೂ ಸೇರಿಸಲ್ಲ.