ಮುಂಬಯಿ, ಪುಣೆ ಕ್ಲೌಡ್‌ಗಳ ಹೋಲಿಕೆ: ಆಡಿಟರ್ ಎದುರು ಯಾವುದು ನಿಲ್ಲುತ್ತೆ?

"ಡೇಟಾ ಭಾರತದಲ್ಲೇ ಇರುತ್ತೆ ತಾನೇ?" ಅಂತ ಕೇಳಿ ನೋಡಿ. ಯಾವ ಕ್ಲೌಡ್ ಕಂಪನಿಯ ಸೇಲ್ಸ್‌ನವರೂ ಇಲ್ಲ ಅನ್ನುವುದಿಲ್ಲ. ಅದು ಸುಳ್ಳೂ ಅಲ್ಲ. ಅಮೆಜಾನ್‌ನ ಎಡಬ್ಲ್ಯೂಎಸ್ 2016ರಿಂದ ಮುಂಬಯಿಯಲ್ಲಿದೆ, ಗೂಗಲ್ 2017ರಿಂದ. ಮೈಕ್ರೋಸಾಫ್ಟ್‌ನ ಅಝೂರ್‌ನವರು 'ಸೆಂಟ್ರಲ್ ಇಂಡಿಯಾ' ಅನ್ನೋದು ನಮ್ಮ ಪುಣೆಯನ್ನೇ, ಅದು 2015ರದ್ದು. ಇನ್ನು ನವಿ ಮುಂಬಯಿ ಸುತ್ತಿನ ಐರೋಲಿ, ಮಹಾಪೆ, ಪನ್ವೇಲ್ ಕಡೆ ಹೋದರೆ ದೇಶೀ ಡೇಟಾ ಸೆಂಟರ್‌ಗಳ ಸಾಲೇ ಸಿಗುತ್ತೆ. ಡಿಸ್ಕ್ ಎಲ್ಲಿದೆ ಅನ್ನೋ ಪ್ರಶ್ನೆಯಲ್ಲಿ ಎಲ್ಲರೂ ಪಾಸ್. ಎಡವೋದು ಉಳಿದದ್ದರಲ್ಲಿ: ಲಾಗ್ (ಯಾರು ಯಾವಾಗ ಏನು ಮಾಡಿದರು ಅನ್ನೋ ದಾಖಲೆ), ಬ್ಯಾಕಪ್, ಎನ್‌ಕ್ರಿಪ್ಶನ್ ಕೀ (ಡೇಟಾಕ್ಕೆ ಹಾಕಿದ ಬೀಗದ ಡಿಜಿಟಲ್ ಕೈ), ಸಪೋರ್ಟ್ ಟಿಕೆಟ್‌ಗೆ ಯಾರೋ ಅಂಟಿಸಿ ಕಳಿಸಿದ ಸ್ಕ್ರೀನ್‌ಶಾಟ್.

ನಮ್ಮದು ಠಾಣೆಯ ಸಣ್ಣ ಕಂಪನಿ. ಅಂಗಡಿ, ಹೋಟೆಲ್‌ಗಳಿಗೆ ಪೇಮೆಂಟ್ ಸಾಫ್ಟ್‌ವೇರ್ ಕೊಡುತ್ತೇವೆ. ಗಿರಾಕಿಗಳಲ್ಲಿ ನಮ್ಮ ಉಡುಪಿ ಹೋಟೆಲ್‌ನವರೇ ಜಾಸ್ತಿ. ಕ್ಲೌಡ್ ಬದಲಿಸುವ ಮಾತು ಬಂದಾಗ ಒಂದೇ ಆ್ಯಪನ್ನು, ಒಂದೇ ನಕಲಿ ಗ್ರಾಹಕ ಡೇಟಾ ತುಂಬಿ, ಎಡಬ್ಲ್ಯೂಎಸ್, ಅಝೂರ್, ಗೂಗಲ್ ಮೂರರಲ್ಲೂ, ಜೊತೆಗೆ ನವಿ ಮುಂಬಯಿಯ ಒಂದು ದೇಶೀ ಕಂಪನಿಯಲ್ಲೂ ಓಡಿಸಿ ನೋಡಿದೆವು. ವೇಗ, ಬೆಲೆ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ, ನಾನು ಅದನ್ನು ಬಿಡುತ್ತೇನೆ.

ಕಾನೂನಿನ ಕಡೆ ನಮ್ಮನ್ನು ಕಟ್ಟಿಹಾಕೋದು ಮುಖ್ಯವಾಗಿ ಆರ್‌ಬಿಐನ 2018ರ ಏಪ್ರಿಲ್ ಸುತ್ತೋಲೆ. ಪೇಮೆಂಟ್ ಡೇಟಾ ಪೂರ್ತಿ ಭಾರತದಲ್ಲೇ ಇರಬೇಕು. ಹೊರದೇಶದಲ್ಲಿ ಪ್ರೊಸೆಸ್ ಮಾಡಿದರೂ ಒಂದು ಕೆಲಸದ ದಿನ ಅಥವಾ 24 ಗಂಟೆ, ಯಾವುದು ಮೊದಲೋ ಅಷ್ಟರೊಳಗೆ ಅಲ್ಲಿಂದ ಅಳಿಸಿ ಇಲ್ಲಿಗೆ ತರಬೇಕು. ಇದು ಕಾಗದದ ಹುಲಿ ಅಂದುಕೊಳ್ಳಬೇಡಿ. 2021ರಲ್ಲಿ ಇದೇ ಕಾರಣಕ್ಕೆ ಅಮೆರಿಕನ್ ಎಕ್ಸ್‌ಪ್ರೆಸ್, ಡೈನರ್ಸ್, ಮಾಸ್ಟರ್‌ಕಾರ್ಡ್ ಮೂರಕ್ಕೂ ಹೊಸ ಗ್ರಾಹಕರನ್ನು ಸೇರಿಸದಂತೆ ತಡೆ ಬಿದ್ದಿತ್ತು. ಹೋಲಿಸಿದರೆ 2023ರ ಡಿಪಿಡಿಪಿ (ವೈಯಕ್ತಿಕ ಡೇಟಾ ರಕ್ಷಣೆಯ) ಕಾಯ್ದೆ ಈ ವಿಷಯದಲ್ಲಿ ಸಡಿಲ: ಸರ್ಕಾರ ಬೇಡ ಅಂದ ದೇಶಗಳಿಗೆ ಮಾತ್ರ ಕಳಿಸಬಾರದು. ಆದರೆ ಭದ್ರತೆಯಲ್ಲಿ ಎಡವಿದರೆ ದಂಡ 250 ಕೋಟಿಯವರೆಗೆ.

ಈಗ ಲಾಗ್. ನಾವು ಹೆಚ್ಚು ಹೊತ್ತು ಕೂತದ್ದು ಇದರ ಮೇಲೆಯೇ. ಸೈಬರ್ ಭದ್ರತೆ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಅದೂ ಭಾರತದ ವ್ಯಾಪ್ತಿಯಲ್ಲಿ. ಆಮೇಲೆ ಬಂದ ಪ್ರಶ್ನೋತ್ತರದಲ್ಲಿ, ಕೇಳಿದಾಗ ಕೊಡುವಂತಿದ್ದರೆ ಹೊರಗಿಟ್ಟರೂ ಆಯಿತು ಅಂತ ಸ್ವಲ್ಪ ಸಡಿಲ ಬಿಟ್ಟಿದ್ದಾರೆ, ಆದರೆ ನಮ್ಮ ಆಡಿಟರ್ ಬಿಡಲಿಲ್ಲ. ಡಿಪಿಡಿಪಿ ನಿಯಮಗಳು ಬೇರೆ ಒಂದು ವರ್ಷ ಇಡಿ ಅನ್ನುತ್ತವೆ. ಸುಮ್ನೆ ಅಕೌಂಟ್ ತೆರೆದು, ಏನನ್ನೂ ಮುಟ್ಟದೆ ಬಿಟ್ಟರೆ ಏನಾಗುತ್ತೆ ನೋಡಿ. ಎಡಬ್ಲ್ಯೂಎಸ್‌ನ ಲಾಗ್ ಸರ್ವಿಸ್ ಕ್ಲೌಡ್‌ಟ್ರೇಲ್‌ನ ಹಿಸ್ಟರಿಯಲ್ಲಿ 90 ದಿನದ್ದು ಮಾತ್ರ ಕಾಣುತ್ತೆ. ಅಝೂರ್‌ನ ಆ್ಯಕ್ಟಿವಿಟಿ ಲಾಗ್ ಕೂಡ 90 ದಿನ. ಗೂಗಲ್‌ನಲ್ಲಿ ಅಡ್ಮಿನ್ ಲಾಗ್ 400 ದಿನ ಇರುತ್ತೆ, ಆದರೆ ಮಾಮೂಲಿ ಆ್ಯಪ್ ಲಾಗ್ 30 ದಿನಕ್ಕೇ ಹೋಗುತ್ತೆ. ಅಂದರೆ ಮೂರರಲ್ಲಿ ಒಂದೂ ಹಾಗೇ ಪಾಸಾಗಲ್ಲ.

ಗೂಗಲ್‌ನಲ್ಲಿ ಇನ್ನೊಂದು ಇದೆ. ಲಾಗ್ ಬಕೆಟ್‌ನ (ಲಾಗ್ ತುಂಬಿಡೋ ಡಬ್ಬಿಯ) ಜಾಗ ನೀವು ಮೊದಲೇ ಹೇಳದಿದ್ದರೆ 'ಗ್ಲೋಬಲ್' ಅಂತ ಬೀಳುತ್ತೆ. ಗ್ಲೋಬಲ್ ಅಂದರೆ ಯಾವ ದೇಶ ಸ್ವಾಮಿ? ಆಡಿಟರ್‌ಗೆ ಇದಕ್ಕೆ ಉತ್ತರ ಕೊಡೋಕೆ ಆಗಲ್ಲ. ಗೂಗಲ್‌ನ ಡೇಟಾ ವಿಶ್ಲೇಷಣೆಯ ಸರ್ವಿಸ್ ಬಿಗ್‌ಕ್ವೆರಿಯಲ್ಲೂ ಹಾಗೇ, ಲೊಕೇಶನ್ ಬಿಟ್ಟರೆ ಡೇಟಾಸೆಟ್ ಅಮೆರಿಕದಲ್ಲಿ ಹುಟ್ಟುತ್ತೆ. ಸ್ಟೋರೇಜ್‌ಗೆ 'ಏಷ್ಯಾ' ಅಂತ ಆರಿಸಿದರೆ ಏಷ್ಯಾದ ಎಲ್ಲಿ ಬೇಕಾದರೂ ಇರಬಹುದು, ಮುಂಬಯಿ-ದೆಹಲಿ ಜೋಡಿಯನ್ನು ನೀವೇ ಹೆಸರು ಹೇಳಿ ಆರಿಸಬೇಕು. ಆದರೆ ನ್ಯಾಯವಾಗಿ ಹೇಳಬೇಕಲ್ವಾ: ಇದನ್ನೆಲ್ಲ ತಡೆಯೋ ನಿಯಮ ಬರೆಯೋದು ಗೂಗಲ್‌ನಲ್ಲೇ ಸುಲಭ. ಸಂಸ್ಥೆಯ ಮಟ್ಟದಲ್ಲಿ ಒಂದೇ ಪಾಲಿಸಿ, ಭಾರತ ಬಿಟ್ಟು ಬೇರೆಲ್ಲೂ ಏನೂ ಹುಟ್ಟಬಾರದು ಅಂತ. ಹಾಕಿದ ಮೇಲೆ ನಮ್ಮ ಹುಡುಗರು ಬೇಕೆಂದೇ ಸಿಂಗಪುರದಲ್ಲಿ ಬಕೆಟ್ ಮಾಡಲು ಹೋದರು, ಎರರ್ ಮುಖಕ್ಕೆ ಬಂತು. ಪಾಲಿಸಿಗಿಂತ ಮೊದಲೇ ಇದ್ದದ್ದನ್ನು ಅದು ಮುಟ್ಟಲ್ಲ, ಹಾಗಾಗಿ ಮೊದಲ ದಿನವೇ ಹಾಕಿ.

ಎಡಬ್ಲ್ಯೂಎಸ್‌ನಲ್ಲಿ ನೀವು ಹೇಳದೆ ಡೇಟಾ ರೀಜನ್ (ನೀವು ಆರಿಸಿದ ಊರಿನ ಡೇಟಾ ಸೆಂಟರ್‌ಗಳ ಗುಂಪು) ಬಿಟ್ಟು ಕದಲಲ್ಲ. ಅದು ಒಳ್ಳೆಯದು. ತಡೆ ಹಾಕೋಕೆ ಎಸ್‌ಸಿಪಿ (ಇಡೀ ಸಂಸ್ಥೆಗೆ ಅನ್ವಯಿಸೋ ನಿಯಮ) ಬರೆಯಬೇಕು, ಅದೇ ತಲೆನೋವು: ಮುಂಬಯಿ, ಹೈದರಾಬಾದ್ ಬಿಟ್ಟು ಎಲ್ಲ ಬಂದ್ ಅಂತ ಬರೆದ ತಕ್ಷಣ ಐಎಎಂ (ಯಾರಿಗೆ ಪ್ರವೇಶ ಅನ್ನೋದು), ರೂಟ್ 53 (ಡೊಮೇನ್ ಹೆಸರಿನದ್ದು), ಕ್ಲೌಡ್‌ಫ್ರಂಟ್ (ವೆಬ್‌ಪುಟ ಬೇಗ ತಲುಪಿಸೋದು) ಎಲ್ಲ ಮುನಿಸಿಕೊಳ್ಳುತ್ತವೆ, ಯಾಕೆಂದರೆ ಅವುಗಳ ಕಂಟ್ರೋಲ್ ಇರೋದು ಅಮೆರಿಕದ ವರ್ಜೀನಿಯಾ ರೀಜನ್‌ನಲ್ಲಿ. ಕ್ಲೌಡ್‌ಫ್ರಂಟ್‌ನ ಸರ್ಟಿಫಿಕೇಟ್ ಕೂಡ ಅಲ್ಲೇ ಮಾಡಬೇಕು. ಒಂದೊಂದಕ್ಕೂ ವಿನಾಯಿತಿ ಬರೆದು, ಇದರಲ್ಲಿ ಗ್ರಾಹಕರ ಡೇಟಾ ಇಲ್ಲ ಅಂತ ಆಡಿಟರ್‌ಗೆ ಒಂದು ಪುಟದ ಟಿಪ್ಪಣಿ ಕೊಟ್ಟೆವು. ಒಪ್ಪಿದರು.

ಅಝೂರ್ ಬಗ್ಗೆ ಕಡಿಮೆ ಹೇಳುತ್ತೇನೆ, ಯಾಕೆಂದರೆ ಅದು ಕಡಿಮೆ ಕಾಡಿತು. ಪುಣೆಯ ಜೋಡಿ ಚೆನ್ನೈ. ಜಿಯೋ ಬ್ಯಾಕಪ್ (ಬೇರೆ ಊರಲ್ಲೂ ಒಂದು ನಕಲು ಇಡೋದು) ಆನ್ ಮಾಡಿದರೆ ಡೇಟಾ ತಾನಾಗಿ ಚೆನ್ನೈಗೇ ಹೋಗುತ್ತೆ, ದೇಶ ದಾಟಲ್ಲ. ಆದರೆ ಪುಣೆಯಲ್ಲಿ ಇರೋ ಅವೈಲಬಿಲಿಟಿ ಝೋನ್ (ಒಂದು ಕೆಟ್ಟರೆ ಇನ್ನೊಂದು ನಡೆಯುವಂತೆ ಒಂದೇ ರೀಜನ್‌ನಲ್ಲಿ ಬೇರೆ ಬೇರೆ ಇರೋ ಡೇಟಾ ಸೆಂಟರ್‌ಗಳು) ಚೆನ್ನೈಯಲ್ಲಿ ಇಲ್ಲ, ಕೆಲವು ಸರ್ವಿಸ್‌ಗಳೂ ಸಿಗಲ್ಲ. ಡಿಆರ್ (ಅನಾಹುತವಾದರೆ ಇನ್ನೊಂದು ಜಾಗದಿಂದ ಕೆಲಸ ನಡೆಸೋ ವ್ಯವಸ್ಥೆ) ಡ್ರಿಲ್ ಮಾಡುವಾಗಲೇ ಅದು ಗೊತ್ತಾಗೋದು. ಆಫೀಸೆಲ್ಲ ಮೈಕ್ರೋಸಾಫ್ಟ್ ಮೇಲೇ ನಡೆಯೋದಾದರೆ ಯೋಚನೆ ಮಾಡದೆ ಪುಣೆಗೆ ಹೋಗಿ.

ದೇಶೀ ಕಂಪನಿಯಲ್ಲಿ ನನಗೆ ಖುಷಿಯಾದದ್ದು ಒಂದೇ, ಆದರೆ ದೊಡ್ಡದು. ಆಡಿಟರ್ ಕಟ್ಟಡದೊಳಗೆ ಹೋಗಿ, ರ‍್ಯಾಕ್ ಮುಂದೆ ನಿಂತು, ವಿಸಿಟರ್ ರಿಜಿಸ್ಟರ್ ತಿರುವಿ ಬಂದರು. ದೊಡ್ಡ ಮೂವರಲ್ಲಿ ನಮ್ಮಂಥ ಸಣ್ಣವರಿಗೆ ಸಿಗೋದು ಸಾಕ್, ಐಎಸ್‌ಒ ಅನ್ನೋ ಭದ್ರತಾ ಆಡಿಟ್ ವರದಿಗಳ ಪಿಡಿಎಫ್. ಉಳಿದಂತೆ ಕಷ್ಟವೇ. ಫೈರ್‌ವಾಲ್‌ನ ಒಂದು ಸಾಲು ಬದಲಿಸಲು ಮೇಲ್ ಹಾಕಿ, ಮತ್ತೆ ಫೋನ್ ಮಾಡಿ, "ಸರ್, ಅಪ್ರೂವಲ್ ಪೆಂಡಿಂಗ್" ಅಂತ ಕೇಳಿಸಿಕೊಳ್ಳಬೇಕು. ಡಿಆರ್ ಸೈಟ್ ಎಲ್ಲಿ ಅಂದರೆ ಅದೇ ನವಿ ಮುಂಬಯಿಯ ಇನ್ನೊಂದು ಕಟ್ಟಡ. 2020ರ ಅಕ್ಟೋಬರ್ 12ರಂದು ಇಡೀ ಮುಂಬಯಿಯ ಕರೆಂಟ್ ಹೋಗಿ ಲೋಕಲ್ ರೈಲು ನಿಂತದ್ದನ್ನು ನೋಡಿದವರಿಗೆ ಇದು ಸಮಾಧಾನ ಕೊಡಲ್ಲ, ಎಷ್ಟೇ ಜನರೇಟರ್ ಇರಲಿ.

ಇಷ್ಟಾದರೂ ದೇಶೀಯನ್ನು ಪೂರ್ತಿ ಬಿಡೋಕೆ ಆಗಲಿಲ್ಲ. ಕಾರಣ ಅಮೆರಿಕದ 2018ರ ಕ್ಲೌಡ್ ಆ್ಯಕ್ಟ್. ಅಲ್ಲಿನ ಕಂಪನಿಗೆ ಅಲ್ಲಿನ ಕೋರ್ಟ್ ವಾರಂಟ್ ಕೊಟ್ಟರೆ ಡೇಟಾ ಮುಂಬಯಿಯಲ್ಲಿದ್ದರೂ ಕೊಡಿ ಅನ್ನಬಹುದು. ನಮ್ಮಲ್ಲಿ ಕಂಪ್ಲಯನ್ಸ್ ನೋಡೋ ಶೆಟ್ರು ಮೊದಲ ಮೀಟಿಂಗ್‌ನಲ್ಲೇ ಹೇಳಿದ್ದರು: "ಅಲ್ಲ ಮಾರಾಯ, ಬೀಗದ ಕೈ ಅವರ ಹತ್ರ ಇದ್ರೆ ಮನೆ ನಮ್ದು ಅಂತ ಹೇಳಿ ಎಂತ ಪ್ರಯೋಜನ?"

ಅದಕ್ಕೇ ಕೀಗಳ ಟ್ರಯಲ್. ಅಝೂರ್‌ನ ಮ್ಯಾನೇಜ್ಡ್ ಎಚ್‌ಎಸ್‌ಎಂ (ಕೀ ಇಡೋ ಭದ್ರ ಪೆಟ್ಟಿಗೆ) ನೋಡಿದೆವು. ಕೀ ನಮ್ಮ ಹಿಡಿತದಲ್ಲಿ, ಪೆಟ್ಟಿಗೆ ಮಾತ್ರ ಅವರ ಕಟ್ಟಡದಲ್ಲಿ. ಶೆಟ್ರು ಇದು ಸಾಲದು ಅಂತ ತಲೆ ಅಲ್ಲಾಡಿಸಿದರು. ಎಡಬ್ಲ್ಯೂಎಸ್‌ನ ಎಕ್ಸ್‌ಕೆಎಸ್, ಗೂಗಲ್‌ನ ಇಕೆಎಂ ಎರಡರಲ್ಲೂ ಕೀಯನ್ನು ಹೊರಗೇ ಇಟ್ಟುಕೊಳ್ಳಬಹುದು. ನಾವು ಎಚ್‌ಎಸ್‌ಎಂ ಅನ್ನು ಆ ದೇಶೀ ಡೇಟಾ ಸೆಂಟರ್‌ನಲ್ಲಿಟ್ಟು, ಡೇಟಾ ಕ್ಲೌಡ್‌ನಲ್ಲಿಟ್ಟು, ನಡುವಿನ ಲಿಂಕ್ ಬೇಕೆಂದೇ ಕಿತ್ತೆವು. ಸ್ವಲ್ಪ ಹೊತ್ತು ಎಲ್ಲ ನಡೆಯುತ್ತಿತ್ತು, ಕ್ಯಾಶ್‌ನಲ್ಲಿ (ಕಂಪ್ಯೂಟರ್‌ನ ತಾತ್ಕಾಲಿಕ ನೆನಪಿನಲ್ಲಿ) ಉಳಿದಿದ್ದ ಕೀಗಳ ಬಲದಿಂದ. ಆಮೇಲೆ ಒಂದೊಂದೇ ಫೈಲ್ ತೆರೆಯೋದು ನಿಂತಿತು. ಶೆಟ್ರಿಗೆ ಖುಷಿ, ಆಪರೇಶನ್ಸ್ ಹುಡುಗರ ಮುಖ ಸಪ್ಪೆ, ಯಾಕೆಂದರೆ ನಿಜವಾಗಿ ಲಿಂಕ್ ಹೋದ ದಿನ ರಾತ್ರಿ ಏಳಬೇಕಾದವರು ಅವರೇ. ಆ ಲಿಂಕ್‌ನ ಹೊಣೆ ನಿಮ್ಮದು ಅಂತ ಕ್ಲೌಡ್ ಕಂಪನಿಗಳು ದಾಖಲೆಯಲ್ಲೇ ಬರೆದಿವೆ. ಹಾಗಾಗಿ ಎರಡು ಲಿಂಕ್ ಹಾಕಿಸಿದೆವು, ಎರಡು ಬೇರೆ ಟೆಲಿಕಾಂ ಕಂಪನಿಗಳದ್ದು.

ಕೊನೆಗೆ ಆರಿಸಿದ್ದು: ಪೇಮೆಂಟ್ ಡೇಟಾ ಎಡಬ್ಲ್ಯೂಎಸ್ ಮುಂಬಯಿ, ಡಿಆರ್ ಹೈದರಾಬಾದ್, ಕೀ ಮತ್ತು ಒಂದು ವರ್ಷದ ಲಾಗ್‌ನ ಪ್ರತಿ ದೇಶೀ ಕಂಪನಿಯಲ್ಲಿ. ಖರ್ಚು ಹೆಚ್ಚಾಯಿತು, ಹೌದು. ಪೇಮೆಂಟ್ ಡೇಟಾ ಮುಟ್ಟದ ಕಂಪನಿಗೆ ಇಷ್ಟೆಲ್ಲ ಬೇಡ. ನೀವು ಸೆಬಿ ಕೆಳಗೆ ಬರೋದಾದರೆ ಇನ್ನೊಂದು ನೋಡಿಕೊಳ್ಳಿ: 2023ರ ಅವರ ಕ್ಲೌಡ್ ಚೌಕಟ್ಟಿನ ಪ್ರಕಾರ ಮೈಟಿ (ಕೇಂದ್ರದ ಐಟಿ ಸಚಿವಾಲಯ) ಪಟ್ಟಿಯಲ್ಲಿ ಇರೋರ ಹತ್ತಿರವೇ ಇಡಬೇಕು. ಕಂಪನಿಯ ಹೆಸರು ಆ ಪಟ್ಟಿಯಲ್ಲಿದ್ದರೆ ಸಾಲದು, ನೀವು ಬಳಸೋ ಡೇಟಾ ಸೆಂಟರ್ ಕೂಡ ಇದೆಯಾ ಅಂತ ಸಹಿ ಹಾಕೋ ಮೊದಲು ಬರಹದಲ್ಲಿ ಕೇಳಿ ತೆಗೆದುಕೊಳ್ಳಿ.