ಬ್ಯಾಂಡ್‌ಕ್ಯಾಂಪ್, ಏಳು ವರ್ಷದ ನಂತರ: ಊರು ಹಿಡಿದು ಹಾಡು ಹುಡುಕಿದ್ದು

ನನ್ನದು ವೇಬ್ರಿಡ್ಜ್ ಕೆಲಸ. ಬಳ್ಳಾರಿಯಲ್ಲಿ ಮನೆ, ಡ್ಯೂಟಿ ಸಂಡೂರು ಕಡೆ. ವಾರದಲ್ಲಿ ನಾಲ್ಕು ದಿನ ರಾತ್ರಿ ಪಾಳಿ. ಅದಿರಿನ ಟಿಪ್ಪರ್ ಬರುತ್ತದೆ, ತಟ್ಟೆ ಮೇಲೆ ನಿಲ್ಲುತ್ತದೆ, ತೂಕ ಬರೆದು ಚೀಟಿ ಕೊಡುತ್ತೇನೆ, ಹೋಗುತ್ತದೆ. ಒಂದು ಗಾಡಿಗೂ ಇನ್ನೊಂದು ಗಾಡಿಗೂ ನಡುವೆ ಕೆಲವೊಮ್ಮೆ ಐದು ನಿಮಿಷ, ಕೆಲವೊಮ್ಮೆ ಒಂದು ತಾಸು. ಆ ಬಿಡುವಿನಲ್ಲೇ ನಾನು ಹಾಡು ಕೇಳೋದು. ಹೆಡ್‌ಫೋನಿನ ಸ್ಪಂಜು ಕೊಂಡಾಗ ಕಪ್ಪಗಿತ್ತು, ಈಗ ಇಟ್ಟಿಗೆ ಬಣ್ಣ. ಕೆಂಧೂಳು ಕ್ಯಾಬಿನ್ನಿನ ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ.

2018ರಲ್ಲಿ ಬ್ಯಾಂಡ್‌ಕ್ಯಾಂಪ್ ಬಳಸೋಕೆ ಶುರು ಮಾಡಿದೆ. ಅದಕ್ಕೂ ಮುಂಚೆ ಎಲ್ಲರ ಹಾಗೆ ಮೊಬೈಲಿನ ಮ್ಯೂಸಿಕ್ ಆ್ಯಪ್ ಏನು ಕೊಡುತ್ತೋ ಅದನ್ನೇ ಕೇಳುತ್ತಿದ್ದೆ. ಒಂದು ರಾಕ್ ಹಾಡು ಇಷ್ಟವಾಯಿತು ಅಂದರೆ ಅದೇ ತರಹದ್ದು ಇಪ್ಪತ್ತು ಬರುತ್ತಿತ್ತು. ಆ ಇಪ್ಪತ್ತೂ ಎಲ್ಲರಿಗೂ ಗೊತ್ತಿರೋ ದೊಡ್ಡ ಬ್ಯಾಂಡುಗಳದ್ದೇ. ಯಾರಿಗೂ ಅಷ್ಟಾಗಿ ಗೊತ್ತಿಲ್ಲದ, ಸ್ವಂತ ದುಡ್ಡಲ್ಲಿ ಹಾಡು ಮಾಡುವ ಸಣ್ಣ ಬ್ಯಾಂಡುಗಳು ಎಲ್ಲಿ ಸಿಗುತ್ತವೆ ಅಂತ ಬೆಂಗಳೂರಿನ ಗೆಳೆಯನನ್ನು ಕೇಳಿದೆ. ಅವನು ಒಂದು ಲಿಂಕ್ ಕಳಿಸಿದ. ಅಷ್ಟೇ, ಅಲ್ಲಿಂದ ಇಲ್ಲಿವರೆಗೆ ಬಂದಿದ್ದೇನೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ಬ್ಯಾಂಡುಗಳು ತಮ್ಮ ಹಾಡನ್ನು ತಾವೇ ಇಟ್ಟು ಮಾರುವ ಅಂಗಡಿ. ತಿಂಗಳ ಚಂದಾ ಇಲ್ಲ. ಹೆಚ್ಚಿನ ಆಲ್ಬಂಗಳನ್ನು ಕೊಳ್ಳುವ ಮುಂಚೆಯೇ ಪೂರ್ತಿ ಕೇಳಬಹುದು. ಕೆಲವು ಸಲ ಕೇಳಿದ ಮೇಲೆ, ಇಷ್ಟವಾಗಿದ್ದರೆ ಕೊಂಡುಕೋ ಅಂತ ನೆನಪಿಸುತ್ತದೆ. ಕೊಂಡರೆ ಫೈಲ್ ನಮ್ಮದು. ಎಂಪಿ3 ಬೇಕಾದರೂ ಇಳಿಸಿಕೊಳ್ಳಬಹುದು, ಒಳ್ಳೆಯ ಗುಣಮಟ್ಟದ ಫ್ಲ್ಯಾಕ್ ಬೇಕಾದರೂ ಇಳಿಸಿಕೊಳ್ಳಬಹುದು. ನಾನು ಕೆಲಸ ಮಾಡುವ ಕಡೆ ನೆಟ್‌ವರ್ಕ್ ಬರುವುದೇ ಒಂದು ಕಡ್ಡಿ. ಮನೆಯಲ್ಲಿ ಇಳಿಸಿಕೊಂಡು ಹೋಗುತ್ತೇನೆ, ರಾತ್ರಿಯೆಲ್ಲಾ ತಡೆಯಿಲ್ಲದೆ ಕೇಳುತ್ತೇನೆ. ನನ್ನಂಥವರಿಗೆ ಇದೊಂದೇ ಕಾರಣ ಸಾಕು.

ಆದರೆ ನಾನು ಇಲ್ಲಿ ಉಳಿದುಕೊಂಡಿದ್ದಕ್ಕೆ ಕಾರಣ ಬೇರೆ. ಪ್ರತಿ ಆಲ್ಬಂ ಪುಟದಲ್ಲಿ ಅದನ್ನು ಕೊಂಡವರ ಸಣ್ಣ ಸಣ್ಣ ಚಿತ್ರಗಳು ಸಾಲಾಗಿ ಇರುತ್ತವೆ. ಯಾರದಾದರೂ ಚಿತ್ರ ಒತ್ತಿದರೆ ಅವರು ಕೊಂಡ ಉಳಿದ ಆಲ್ಬಂಗಳೆಲ್ಲಾ ಕಾಣುತ್ತವೆ. ಕೆಲವರು ಒಂದೆರಡು ಸಾಲು ಬರೆದೂ ಇಟ್ಟಿರುತ್ತಾರೆ. ಅಂದರೆ ಯಂತ್ರ ಅಲ್ಲ, ಮನುಷ್ಯರು ದಾರಿ ತೋರಿಸುತ್ತಾರೆ. ಇನ್ನೊಂದು, ಪ್ರತಿ ಬ್ಯಾಂಡಿನ ಹೆಸರಿನ ಕೆಳಗೆ ಅವರ ಊರು ಇರುತ್ತದೆ. ಊರಿನ ಹೆಸರು ಹಿಡಿದೂ ಹುಡುಕಬಹುದು. ನನ್ನ ಪಾಲಿಗೆ ಇದೇ ದೊಡ್ಡದು.

ಹೀಗೇ ಒಂದು ರಾತ್ರಿ, ಬೆಕ್ಕಿನ ಚಿತ್ರ ಹಾಕಿಕೊಂಡಿದ್ದ ಯಾರೋ ಒಬ್ಬರ ಸಂಗ್ರಹ ನೋಡುತ್ತಾ ಲೋ ಅನ್ನುವ ಬ್ಯಾಂಡ್ ಸಿಕ್ಕಿತು. ಅಮೆರಿಕದ ಮಿನೆಸೋಟಾ ರಾಜ್ಯದ ಡುಲೂತ್ ಊರಿನವರು. ಆ ಊರು ಎಲ್ಲಿದೆ ಅಂತ ನೋಡಿದೆ. ಸುಪೀರಿಯರ್ ಸರೋವರದ ದಂಡೆಯ ಬಂದರು. ಒಂದು ಲಕ್ಷ ಜನರೂ ಇಲ್ಲ. ಮೆಸಾಬಿ ಗುಡ್ಡಸಾಲಿನಿಂದ ರೈಲಿನಲ್ಲಿ ಕಬ್ಬಿಣದ ಅದಿರು ಬಂದು, ಅಲ್ಲಿಂದ ಹಡಗಿಗೆ ತುಂಬುತ್ತಾರೆ. ಅದಿರಿನ ಊರು! ಬಾಬ್ ಡಿಲನ್ 1941ರಲ್ಲಿ ಹುಟ್ಟಿದ್ದೂ ಅಲ್ಲೇ. ನನ್ನ ಕಿಟಕಿಯ ಹೊರಗೆ ಆಗ ಆರು ಟಿಪ್ಪರ್ ಸಾಲಾಗಿ ನಿಂತಿದ್ದವು. ದೋಣಿಮಲೈ ಕಡೆಯ ಮಣ್ಣು ಟೈರಿಗೆ ಮೆತ್ತಿತ್ತು. ಸುಮ್ನೆ ಒಂದು ಖುಷಿ ಆಯಿತು, ಹೇಳೋಕೆ ಬರಲ್ಲ.

ಲೋ ಶುರುವಾಗಿದ್ದು 1993ರಲ್ಲಿ. ಅಲನ್ ಸ್ಪಾರ್‌ಹಾಕ್ ಮತ್ತು ಮಿಮಿ ಪಾರ್ಕರ್, ಗಂಡ ಹೆಂಡತಿ. ಆಗ ಅಮೆರಿಕದಲ್ಲಿ ಜೋರು ಗಿಟಾರಿನ ಕಾಲ. ಇವರು ನೇರ ಉಲ್ಟಾ ಹೋದರು. ನಿಧಾನ, ಇನ್ನೂ ನಿಧಾನ. ಮಿಮಿ ಅವರ ಮುಂದೆ ದೊಡ್ಡ ಡ್ರಮ್ ಸೆಟ್ಟೇ ಇರುತ್ತಿರಲಿಲ್ಲ. ಎರಡು ಡ್ರಮ್, ಒಂದು ಸಿಂಬಲ್ ಅಂದರೆ ಲೋಹದ ತಟ್ಟೆ. ನಿಂತುಕೊಂಡು, ಹೆಚ್ಚಾಗಿ ಕೋಲಿನ ಬದಲು ಬ್ರಶ್ ಹಿಡಿದು ನುಡಿಸುತ್ತಿದ್ದರು. ನುಡಿಸುತ್ತಲೇ ಹಾಡುತ್ತಿದ್ದರು. ಗಂಡ ಹೆಂಡತಿಯ ಎರಡು ದನಿ ಸೇರಿದಾಗ ಬೇರೆ ವಾದ್ಯ ಬೇಕು ಅನಿಸುವುದೇ ಇಲ್ಲ.

ದರೋಜಿ ಈರಮ್ಮ ಅವರ ಬುರ್ರಕಥೆ ಕೇಳಿದವರಿಗೆ ಇದು ಅರ್ಥವಾಗುತ್ತದೆ. ತಂಬೂರಿ, ದಿಮ್ಮಿ, ಜೊತೆಗೆ ಮನೆಯವರದೇ ದನಿ. ಅಷ್ಟರಲ್ಲೇ ಕುಮಾರರಾಮನ ಕಥೆ ರಾತ್ರಿಯಿಡೀ ನಡೆಯಬೇಕು. ಈರಮ್ಮ 2014ರಲ್ಲಿ ತೀರಿಕೊಂಡರು. ದರೋಜಿ ನಮ್ಮ ಸಂಡೂರು ತಾಲ್ಲೂಕೇ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಕಡಿಮೆ ಇಟ್ಟುಕೊಂಡು ಜಾಸ್ತಿ ಹೇಳುವ ಧೈರ್ಯ ಇಬ್ಬರಲ್ಲೂ ಇದೆ ಅಂತ ಮಾತ್ರ ಹೇಳುತ್ತೇನೆ.

ಒಂದು ರಾತ್ರಿ ಹೆಡ್‌ಫೋನ್ ಕೈ ಕೊಟ್ಟಿತ್ತು. ಮೊಬೈಲಿನ ಸ್ಪೀಕರಿನಲ್ಲೇ ಲೋ ಹಾಕಿದ್ದೆ. ಚೀಟಿಗೆ ಬಂದ ಡ್ರೈವರ್ ಒಬ್ಬ ಕಿಟಕಿಗೆ ಮೊಣಕೈ ಊರಿ ನಿಂತ.

"ಏನಣ್ಣಾ ಇದು, ಇಷ್ಟು ಮೆಲ್ಲಕ ಐತಿ?"

"ಅವರ ಊರೂ ಅದಿರಿನ ಊರೇ ಕಣಪ್ಪ. ನಮ್ಮಂಗೇ" ಅಂದೆ.

ಅವನು ಚೀಟಿ ಮಡಚಿ ಜೇಬಿಗೆ ಹಾಕಿದ. ಹೋಗಲಿಲ್ಲ. ಹಾಡು ಮುಗಿದ ಮೇಲೆ, "ಇನ್ನೊಂದ್ಸಲ ಹಚ್ಚು" ಅಂದ. ಹಿಂದಿನ ಗಾಡಿಯವನು ಹಾರ್ನ್ ಹೊಡೆಯುವವರೆಗೂ ಕೇಳಿದ. ಅವನಿಗೆ ಇಂಗ್ಲಿಷ್ ಬರಲ್ಲ. ನನಗೂ ಆ ಹಾಡಿನ ಅರ್ಧ ಮಾತು ಮೊದಲ ಸಲಕ್ಕೆ ಸಿಕ್ಕಿರಲಿಲ್ಲ.

ಮಿಮಿ ಪಾರ್ಕರ್ 2022ರ ನವೆಂಬರ್ 5ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಅಲ್ಲಿಗೆ ಲೋ ಕೂಡ ನಿಂತಿತು. ಆ ವಾರ ನಾನು ಬೇರೆ ಏನೂ ಕೇಳಲಿಲ್ಲ.

ಊರು ಹಿಡಿದು ಹುಡುಕುವ ಚಟ ಆಮೇಲೆ ಬೆಳೆಯಿತು. ನ್ಯೂಜಿಲೆಂಡಿನ ತೆಂಕಣ ಭಾಗದಲ್ಲಿ ಡ್ಯುನೇಡಿನ್ ಅಂತ ಒಂದು ಊರಿದೆ. ನಮ್ಮ ಬಳ್ಳಾರಿಗಿಂತ ಸಣ್ಣದು. ಅಲ್ಲಿ ದಿ ಕ್ಲೀನ್ ಅನ್ನುವ ಬ್ಯಾಂಡ್ 1978ರಲ್ಲಿ ಹುಟ್ಟಿತು, ಕಿಲ್ಗೋರ್ ಅಣ್ಣತಮ್ಮಂದಿರದ್ದು. ದೊಡ್ಡ ಸ್ಟುಡಿಯೋ ಇಲ್ಲ. ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರದಲ್ಲಿ ಹಾಡು ಹಿಡಿದರು. 1981ರಲ್ಲಿ ಶುರುವಾದ ಫ್ಲೈಯಿಂಗ್ ನನ್ ಅನ್ನುವ ಸಣ್ಣ ಕಂಪನಿ ಅದನ್ನು ಹೊರಗೆ ತಂದಿತು. ದಿ ಚಿಲ್ಸ್, ದಿ ಬ್ಯಾಟ್ಸ್ ಅನ್ನುವ ಬ್ಯಾಂಡುಗಳನ್ನೂ ಲೋಕಕ್ಕೆ ತಲುಪಿಸಿದ್ದು ಅದೇ ಕಂಪನಿ. ಕೇಳಿದರೆ ಗಿಟಾರು ಗೆಜ್ಜೆಯಂತೆ ಗಲಗಲ ಅನ್ನುತ್ತದೆ. ರಾಜಧಾನಿಯಿಂದ ದೂರ ಇರುವ ಊರಿನ ಹುಡುಗರು ಯಾರಿಗೂ ಕಾಯದೆ ಮಾಡಿದ ಸಂಗೀತ ಇದು. ಬಳ್ಳಾರಿಯವನಾಗಿ ನನಗೆ ಇದು ತುಂಬಾ ಹತ್ತಿರ.

ನಮ್ಮ ದೇಶದ್ದು ಕೇಳಬೇಕು ಅನ್ನುವವರಿಗೆ ಅಹಮದಾಬಾದಿನಲ್ಲಿ ಶುರುವಾದ ಆ್ಯಸ್‌ವಿಕೀಪ್‌ಸರ್ಚಿಂಗ್ ಅನ್ನುವ ಬ್ಯಾಂಡ್ ಹೇಳುತ್ತೇನೆ. ಮಾತು ಕಡಿಮೆ, ವಾದ್ಯ ಜಾಸ್ತಿ, ನಡುವೆ ಎಲ್ಲೋ ಹಿಂದಿ ಸಾಲು. ರಾತ್ರಿ ಪಾಳಿಗೆ ಹೇಳಿ ಮಾಡಿಸಿದ ಹಾಗಿದೆ. ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕೋ ಕೇಳಿದರೆ ಹಳೆಯ ಹಿಂದಿ ಸಿನಿಮಾದ ಬ್ಯಾಂಡ್‌ಸೆಟ್ಟೂ ನೆನಪಾಗುತ್ತದೆ. ಚೆನ್ನೈನ ಎಫ್16ಸ್ ಬಿಸಿಲಿನ ಸಂಜೆಗೆ ಸರಿ. ಬಳ್ಳಾರಿಯಲ್ಲಿ ಬಿಸಿಲಿಗೇನು ಕೊರತೆ, ಅಲ್ವಾ? ಕನ್ನಡದ ಕಿವಿಗೆ ಮೊದಲ ಮೆಟ್ಟಿಲು ಬೇಕಾದರೆ ಬೆಂಗಳೂರಿನ ಸ್ವರಾತ್ಮ ಇದೆ. 2002ರಲ್ಲಿ ಶುರುವಾದ ತಂಡ, ಜನಪದ ಮತ್ತು ರಾಕ್ ಎರಡೂ ಸೇರಿದ್ದು. ಇವರೆಲ್ಲಾ ಬ್ಯಾಂಡ್‌ಕ್ಯಾಂಪಿನಲ್ಲೇ ಸಿಗಬೇಕು ಅಂತೇನಿಲ್ಲ, ಎಲ್ಲಿ ಸಿಕ್ಕರೂ ಕೇಳಿ.

ಈಗ ದುಡ್ಡಿನ ಮಾತು. ಬೆಲೆ ಡಾಲರಿನಲ್ಲೋ ಪೌಂಡಿನಲ್ಲೋ ಇರುತ್ತದೆ. 7 ಡಾಲರಿನ ಆಲ್ಬಂ ಅಂದರೆ ಸುಮಾರು 600 ರೂಪಾಯಿ. ನನ್ನ ಸಂಬಳಕ್ಕೆ ಅದು ಸಣ್ಣ ದುಡ್ಡಲ್ಲ. ಅದಕ್ಕೇ ತಿಂಗಳಿಗೆ ಒಂದೇ ಆಲ್ಬಂ ಅಂತ ಇಟ್ಟುಕೊಂಡಿದ್ದೇನೆ. ತಿಂಗಳೆಲ್ಲಾ ಕೇಳಿ, ಕೊನೆಗೂ ಮನಸ್ಸಿನಲ್ಲಿ ಉಳಿದಿದ್ದನ್ನು ಮಾತ್ರ ಕೊಳ್ಳುತ್ತೇನೆ. ನಿಮಗೆ ತೋಚಿದಷ್ಟು ಕೊಡಿ ಅಂತ ಬಿಟ್ಟಿರುವ ಬ್ಯಾಂಡುಗಳೂ ಬಹಳ ಇವೆ. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ಕಂಪನಿ ಶೇ 15 ಇಟ್ಟುಕೊಳ್ಳುತ್ತದೆ, ಕ್ಯಾಸೆಟ್, ಟೀ ಶರ್ಟಿನಲ್ಲಿ ಶೇ 10. ಪಾವತಿ ಶುಲ್ಕ ಕಳೆದು ಉಳಿದಿದ್ದು ಬ್ಯಾಂಡಿಗೆ. ಕೋವಿಡ್ ಬಂದು ಕಾರ್ಯಕ್ರಮಗಳೆಲ್ಲಾ ನಿಂತಾಗ, 2020ರ ಮಾರ್ಚ್ 20ರಂದು ಒಂದು ದಿನ ತಮ್ಮ ಪಾಲನ್ನೇ ಬಿಟ್ಟುಕೊಟ್ಟರು. ಆಮೇಲೆ ಅದು ಬ್ಯಾಂಡ್‌ಕ್ಯಾಂಪ್ ಫ್ರೈಡೇ ಆಯಿತು. ವರ್ಷದಲ್ಲಿ ಕೆಲವು ಶುಕ್ರವಾರ ಬರುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯ ಸಮಯ ಲೆಕ್ಕ. ನಮ್ಮಲ್ಲಿ ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೋ ಒಂದೂವರೆಗೋ ಶುರುವಾಗಿ ಶನಿವಾರ ಅದೇ ಹೊತ್ತಿಗೆ ಮುಗಿಯುತ್ತದೆ. ಅಂಥ ಶುಕ್ರವಾರ ಇರುವ ತಿಂಗಳಲ್ಲಿ ನಾನು ಕೊಳ್ಳುವುದನ್ನು ಆ ದಿನಕ್ಕೇ ಕಾದಿರಿಸುತ್ತೇನೆ.

ಕಾರ್ಡಿನ ಕಥೆ ಹೇಳಲೇಬೇಕು, ಇನ್ನೊಬ್ಬರಿಗೆ ಉಪಯೋಗ ಆದೀತು. 2020ರಲ್ಲಿ ನನ್ನ ಹಳೆ ಕಾರ್ಡ್ ಅವಧಿ ಮುಗಿದು ಹೊಸದು ಬಂತು. ಅದರಲ್ಲಿ ಪಾವತಿ ಆಗಲೇ ಇಲ್ಲ. ಬ್ಯಾಂಕಿಗೆ ಮೂರು ಸಲ ಅಲೆದೆ. ಒಬ್ಬರು ವೆಬ್‌ಸೈಟ್ ಸರಿಯಿಲ್ಲ ಅಂದರು, ಇನ್ನೊಬ್ಬರು ಕಾರ್ಡೇ ಬದಲಿಸಿ ಅಂದರು. ಆಮೇಲೆ ನಾನೇ ತಿಳಿದುಕೊಂಡೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2020ರ ಮಾರ್ಚ್ 16ರ ನಂತರ ಕೊಡುವ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮೊದಲೇ ಬಂದ್ ಆಗಿರುತ್ತದೆ, ನಾವೇ ತೆರೆದುಕೊಳ್ಳಬೇಕು. ಬ್ಯಾಂಕಿನ ಆ್ಯಪಿನಲ್ಲಿ ಒಂದು ಗುಂಡಿ ಒತ್ತುವ ಕೆಲಸ. ಮೂರು ರಜೆ ಹೋಯಿತು. ವಿದೇಶಿ ಪಾವತಿಗೆ ಬ್ಯಾಂಕು ಮೇಲಿಂದ ಹಾಕುವ ಶುಲ್ಕವನ್ನೂ ನೋಡಿಕೊಳ್ಳಿ. ನನ್ನ ಕಾರ್ಡಿಗೆ ಶೇ 3.5 ಇದೆ.

ನಮ್ಮ ದೇಶದ ಬ್ಯಾಂಡುಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕಲಾವಿದರಿಗೆ ಹಣ ಹೋಗುವುದು ಪೇಪಾಲ್ ಅನ್ನುವ ಆನ್‌ಲೈನ್ ಪಾವತಿ ಕಂಪನಿ ಮೂಲಕ. ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ. ಹಾಗಾಗಿ ಇಲ್ಲಿಯವರು ಇಲ್ಲಿಯವರಿಗೇ ದುಡ್ಡು ಕೊಡುವುದು ಕಷ್ಟ, ಜಪಾನಿನವರಿಗೆ ಕೊಡುವುದು ಸುಲಭ. ಇದು ನನಗೆ ನಿಜಕ್ಕೂ ಬೇಸರ ತರುತ್ತದೆ. ನಾನು ನಮ್ಮ ಬ್ಯಾಂಡುಗಳಿಗೆ ನೇರ ಮೆಸೇಜ್ ಮಾಡಿ ಟೀ ಶರ್ಟ್ ಕೊಳ್ಳುತ್ತೇನೆ. ಎರಡು ಸಲ ಹಾಗೆ ಮಾಡಿದ್ದೇನೆ, ಎರಡೂ ಸಲ ಬ್ಯಾಂಡಿನವರೇ ಪಾರ್ಸೆಲ್ಲಿನೊಳಗೆ ಚೀಟಿ ಬರೆದು ಇಟ್ಟಿದ್ದರು.

ಒಂದೇ ಒಂದು ಸಲ ಹೊರದೇಶದಿಂದ ಕ್ಯಾಸೆಟ್ ತರಿಸಿದೆ. ಕ್ಯಾಸೆಟ್ಟಿಗಿಂತ ಅಂಚೆ ಖರ್ಚು ಜಾಸ್ತಿ. ಬಂದಾಗ ಡಬ್ಬಿ ಒಡೆದಿತ್ತು. ಕ್ಯಾಸೆಟ್ ಓಡುತ್ತದೆ. ಆದರೂ ಫೈಲೇ ಸಾಕು ಅನ್ನುತ್ತೇನೆ. ಅದರ ಬೆಲೆ ತಿಳಿದಿದ್ದು 2023ರಲ್ಲಿ ಮೊಬೈಲ್ ನೀರಿಗೆ ಬಿದ್ದಾಗ. ಐದು ವರ್ಷ ಕೂಡಿಟ್ಟಿದ್ದೆಲ್ಲಾ ಹೋಯಿತು ಅಂದುಕೊಂಡೆ. ಹೊಸ ಮೊಬೈಲಿನಲ್ಲಿ ಲಾಗಿನ್ ಆದಾಗ ಕೊಂಡ ಒಂದೊಂದು ಆಲ್ಬಮ್ಮೂ ಅಲ್ಲೇ ಇತ್ತು. ಮತ್ತೆ ಇಳಿಸಿಕೊಂಡೆ, ಕಾಸಿಲ್ಲದೆ.

ಅದೇ ವರ್ಷ ಬ್ಯಾಂಡ್‌ಕ್ಯಾಂಪ್ ಕಂಪನಿ ಕೈ ಬದಲಾಯಿತು. 2022ರಲ್ಲಿ ಎಪಿಕ್ ಗೇಮ್ಸ್ ಕೊಂಡಿತ್ತು, 2023ರಲ್ಲಿ ಸಾಂಗ್‌ಟ್ರೇಡರ್‌ಗೆ ಮಾರಿತು. ಹತ್ತಿರ ಹತ್ತಿರ ಅರ್ಧ ಜನ ಕೆಲಸ ಕಳೆದುಕೊಂಡರು. ಬಳಸುವವನಾಗಿ ನನಗೆ ಇವತ್ತಿನವರೆಗೂ ದೊಡ್ಡ ವ್ಯತ್ಯಾಸ ಕಂಡಿಲ್ಲ. ಆದರೂ ಕೊಂಡಿದ್ದನ್ನೆಲ್ಲಾ ಒಂದು ಹಾರ್ಡ್ ಡಿಸ್ಕಿಗೂ ಹಾಕಿಟ್ಟಿದ್ದೇನೆ. ನೀವೂ ಹಾಕಿಡಿ.

ಹುಡುಕುವುದಕ್ಕಿಂತ ಇನ್ನೊಬ್ಬರಿಗೆ ಹೇಳುವುದು ಕಷ್ಟ. ಮೊದಲೆಲ್ಲಾ ಕೊಪ್ಪಳದಲ್ಲಿ ಓದುವ ಅಕ್ಕನ ಮಗಳಿಗೆ ಒಂದೇ ದಿನ ಹತ್ತು, ಹದಿನೈದು ಲಿಂಕ್ ಕಳಿಸುತ್ತಿದ್ದೆ. ಒಂದನ್ನೂ ಕೇಳುತ್ತಿರಲಿಲ್ಲ. "ಮಾವ, ಇಷ್ಟೆಲ್ಲಾ ಯಾವಾಗ ಕೇಳ್ಲಿ?" ಅಂತ ಕೇಳಿದಳು. ಅವಳು ಹೇಳಿದ್ದು ಸರಿ. ಈಗ ತಿಂಗಳಿಗೆ ಒಂದೇ ಹಾಡು. ಪ್ರಕಾರದ ಹೆಸರು ಹೇಳುವುದಿಲ್ಲ. ಇಂಡೀ, ಪೋಸ್ಟ್ ರಾಕ್, ಸ್ಲೋಕೋರ್ ಅಂದರೆ ಯಾರಿಗೂ ಏನೂ ಅನಿಸುವುದಿಲ್ಲ. ಆ ಊರು ಎಂಥದ್ದು, ಅವರು ಯಾರು, ಹಾಡು ಹೇಗೆ ಮಾಡಿದರು ಅಂತ ಎರಡು ಮಾತು ವಾಯ್ಸ್ ಮೆಸೇಜಿನಲ್ಲಿ ಹೇಳಿ ಕಳಿಸುತ್ತೇನೆ. ಯಾವಾಗ ಕೇಳಬೇಕು ಅಂತಲೂ ಹೇಳುತ್ತೇನೆ. ದಿ ಕ್ಲೀನ್ ಬೆಳಿಗ್ಗೆ ಬಸ್ಸಿನಲ್ಲಿ, ಲೋ ಎಲ್ಲರೂ ಮಲಗಿದ ಮೇಲೆ. ಈಗ ಅವಳು ಕೇಳುತ್ತಾಳೆ. ಹಾಸ್ಟೆಲಿನ ಇನ್ನಿಬ್ಬರಿಗೂ ಕೇಳಿಸಿದ್ದಾಳೆ.

ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಆ ಅರ್ಧ ಕಳೆದಿದ್ದು ಪಾವತಿಯ ತೊಡಕಿಗೆ.

ಮೂರು ತಿಂಗಳಿಗೊಮ್ಮೆ ನಾನು ಅಲ್ಲಿ ಬಳ್ಳಾರಿ ಅಂತ ಹುಡುಕುತ್ತೇನೆ. ನಮ್ಮೂರ ಹೆಸರು ಅಧಿಕೃತವಾಗಿ ಬದಲಾಗಿದ್ದು 2014ರಲ್ಲಿ, ಹಾಗಾಗಿ ಹಳೆಯ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲೂ ಹುಡುಕುತ್ತೇನೆ. ನನಗೆ ಬೇಕಾದಂಥ ಬ್ಯಾಂಡ್ ಇನ್ನೂ ಕಂಡಿಲ್ಲ. ಆದರೆ ಕೌಲ್ ಬಜಾರಿನಲ್ಲಿ ನಮ್ಮ ಮನೆ ಹತ್ತಿರ ಒಬ್ಬ ಇಂಜಿನಿಯರಿಂಗ್ ಹುಡುಗ ಇದ್ದಾನೆ, ಗೆಳೆಯರ ಜೊತೆ ಸೇರಿ ಮಹಡಿ ರೂಮಿನಲ್ಲಿ ಎರಡು ಹಾಡು ಮಾಡಿದ್ದಾನೆ. ಕನ್ನಡದಲ್ಲೇ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದು. ಎರಡನೆಯದರ ನಡುವೆ ರೈಲಿನ ಕೂಗು ಕೇಳಿಸುತ್ತದೆ. ಅದನ್ನು ತೆಗೆಯಬೇಡ ಅಂದೆ. ಕಲಾವಿದರ ಖಾತೆ ತೆರೆಯೋಕೆ ದುಡ್ಡು ಬೇಕಿಲ್ಲ, ಹೋದ ಭಾನುವಾರ ಒಗ್ಗರಣೆ ಮಿರ್ಚಿ ತಿನ್ನುತ್ತಾ ಕೂತು ಇಬ್ಬರೂ ಸೇರಿ ತೆರೆದೆವು. ಊರು ಯಾವುದು ಅಂತ ತುಂಬುವ ಜಾಗಕ್ಕೆ ಬಂದಾಗ ಅವನು, "ಅಣ್ಣಾ, ಬೆಂಗಳೂರು ಅಂತ ಹಾಕ್ಲಾ? ಜಾಸ್ತಿ ಜನ ನೋಡ್ತಾರೆ" ಅಂದ. ನಾನು ಬೇಡ ಅಂದೆ, ಡುಲೂತ್ ಕಥೆ ಹೇಳಿದೆ. ಆ ಜಾಗ ಇನ್ನೂ ಖಾಲಿ ಇದೆ. ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾನೆ.